ವರದಮ್ಮ ಹೇಳಿದ ಮಾತಿನ ಪುಸ್ತಕ

ತೊಗರ್ಸಿ
೨೪ ನವೆಂಬರ್ ೨೦೨೪, ಭಾನುವಾರ

ತಂಗಿ ನೀಲಾಂಬಿಕಗೆ ಉಜ್ಜಪ್ಪನ ನಮಸ್ಕಾರ.

ಈಗ ಸಂಜೆ ಆರು ಗಂಟೆ. ಕುರಿಗಳು ಹಟ್ಟಿಗೆ ಬಂದಿವೆ. ಇವತ್ತು ಬೆಳಿಗ್ಗೆ ಎರಡು ಕುರಿ ಈದವು. ಮಗ ಪರಶುರಾಮ ಬೇಲಿ ಕಟ್ಟಿದ. ನಾನು ಉಣ್ಣೆಯನ್ನು ಬಿಸಿಲಿಗೆ ಹರವಿ ತೆಗೆದೆ. ಜೂನ್‌ನಲ್ಲಿ ನನ್ನ ಹೆಂಡತಿ ವರದಮ್ಮ ತೀರಿಹೋದಂದಿನಿಂದ ದಿನಾ ಸಂಜೆ ಹೀಗೆ ಒಂದು ನೋಟ್‌ಬುಕ್ಕಿನಲ್ಲಿ ಅವತ್ತು ಆದದ್ದನ್ನು ಬರೆದಿಡುತ್ತೇನೆ. ಮೊದಲು ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ.

ಫೋನ್ ಮಾಡಬಹುದಿತ್ತು. ಮಾತಾಡಲು ಹೋದರೆ ಆ ಕಡೆಯವರು ಸಮಾಧಾನ ಹೇಳಲು ಶುರು ಮಾಡುತ್ತಾರೆ. ಅದಕ್ಕೇ ಕಾಗದ. ಓದಿದ್ದು ಏಳನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದು.

ಭತ್ತ ಕೊಯ್ದ ಮೇಲೆ ಗೊಬ್ಬರಕ್ಕೆಂದು ನಮ್ಮ ಮಂದೆ ಪ್ರತಿ ವರ್ಷ ನಿಮ್ಮ ಗದ್ದೆಯಲ್ಲಿ ತಂಗುತ್ತಿತ್ತಲ್ಲ. ನೀನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಜನವರಿಯಲ್ಲಿ ಸ್ಕೂಟರ್ ಮೇಲೆ ಒಬ್ಬ ಮೇಡಂ ಬಂದಿದ್ದರು. ನಾಲ್ಕು ದಿನ ಮರಿಗಳ ಹತ್ತಿರ ವರದಮ್ಮನ ಜೊತೆ ಕೂತು ಕುರಿ ಕೆಲಸದ ಮಾತುಗಳನ್ನೆಲ್ಲ ಕೇಳಿ ಬರೆದುಕೊಂಡರು. ಪುಸ್ತಕ ಮಾಡುತ್ತೇನೆ, ನಿಮ್ಮ ಹೆಸರು ಹಾಕುತ್ತೇನೆ, ಒಂದು ಪ್ರತಿ ಕಳಿಸುತ್ತೇನೆ ಎಂದಿದ್ದರು. ಪ್ರತಿ ಬರಲಿಲ್ಲ. ಆದರೂ ವರದಮ್ಮ ಸಾಯುವವರೆಗೆ "ನನ್ನ ಹೆಸರು ಬುಕ್ಕಿನಾಗೈತಿ" ಎನ್ನುತ್ತಿದ್ದಳು. ನಮ್ಮ ಓಣಿಯ ಕೆಂಪಪ್ಪ ಅವಳಿಗೆ 'ಬುಕ್ಕಿನ ವರದಮ್ಮ' ಎಂದೇ ಹೆಸರಿಟ್ಟಿದ್ದ. ಕೆಂಪಪ್ಪ ನಕ್ಕಾಗ ನಾನೂ ನಗುತ್ತಿದ್ದೆ.

ದೊಡ್ಡ ಗ್ರಂಥಾಲಯಗಳ ಪುಸ್ತಕದ ಪಟ್ಟಿ ಈಗ ಕಂಪ್ಯೂಟರಿನಲ್ಲೇ ಸಿಗುತ್ತದೆ ಎಂದು ಸೊಸೆ ನಾಗಶ್ರೀ ಹೇಳಿದಳು. ನೀನು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು. ವರದಮ್ಮನ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಿ ಕೊಡುತ್ತೀಯಾ? ಮೇಡಂ ಹೆಸರು ಗೊತ್ತಿಲ್ಲ. ಪುಸ್ತಕದ ಹೆಸರೂ ಗೊತ್ತಿಲ್ಲ. ಯಾವ ವರ್ಷದ್ದು ಎಂಬುದೂ ನೆನಪಿಲ್ಲ.

ಇತಿ
ಉಜ್ಜಪ್ಪ


ಚಂದ್ರಗುತ್ತಿ
೨ ಡಿಸೆಂಬರ್ ೨೦೨೪, ಸೋಮವಾರ

ಉಜ್ಜಪ್ಪಣ್ಣ,

ಇವತ್ತು ಲೈಬ್ರರಿಗೆ ರಜೆ. ಆದರೂ ಬೀಗ ತೆಗೆದು ಕೂತಿದ್ದೇನೆ. ಎರಡು ವರ್ಷದಿಂದ ಈ ಕಂಪ್ಯೂಟರಿನಲ್ಲಿ ಜನ ಪರೀಕ್ಷೆಯ ಫಲಿತಾಂಶ ಬಿಟ್ಟು ಬೇರೇನನ್ನೂ ಕೇಳಿಲ್ಲ. ನಿಮ್ಮ ಕಾಗದ ಓದಿ ನನ್ನ ಕೈ ಕಡಿಯತೊಡಗಿತು!

ಮೇಡಂ ನನಗೆ ಚೆನ್ನಾಗಿ ನೆನಪಿದ್ದಾರೆ. ನೀಲಿ ಚೀಲ, ಕೆಸರಾದ ಚಪ್ಪಲಿ. ವರದಕ್ಕ ಮರಿಯನ್ನು ತೊಡೆ ಮೇಲೆ ಹಾಕಿಕೊಂಡು ಮಾತಾಡುವುದು, ಅವರು ಬಗ್ಗಿ ಬರೆಯುವುದು. ನಾನು ಅಲ್ಲೇ ಕೂತು ನೋಡುತ್ತಿದ್ದೆ.

ಶಿವಮೊಗ್ಗದ ಒಂದು ದೊಡ್ಡ ಗ್ರಂಥಾಲಯದ ಪಟ್ಟಿ ತೆರೆದೆ. 'ಕರ್ತೃ' ಎಂಬ ಮನೆಯಲ್ಲಿ ವರದಮ್ಮ ಎಂದು ಹಾಕಿದೆ. ಸೊನ್ನೆ. ಎಲ್ಲ ಮನೆಗಳನ್ನೂ ಸೇರಿಸಿ ಹುಡುಕಿದೆ. ಸೊನ್ನೆ. ಆಮೇಲೆ ತಲೆಗೆ ಹೊಳೆಯಿತು. ಹೇಳಿದವಳು ವರದಕ್ಕನಾದರೂ ಬರೆದವರು ಮೇಡಂ. ಪಟ್ಟಿಯವರ ಲೆಕ್ಕದಲ್ಲಿ ಪುಸ್ತಕ ಬರೆದವರದ್ದು. ನಮ್ಮ ಕಡೆ ಹಾಡು ಹಾಡಿದವರದ್ದು, ಕಥೆ ಹೇಳಿದವರದ್ದು ಎನ್ನುತ್ತೇವೆ. ನೀವು ಹೇಳಿದಿರಿ, ನಾನೂ ಹಿಂದೆ ಮುಂದೆ ನೋಡದೆ ಹಾಗೇ ಹುಡುಕಿದೆ.

ಹಾಗಾಗಿ ಬೇರೆ ದಾರಿ ಹಿಡಿಯಬೇಕು. ಮೂರು ಮನೆಗಳಿವೆ: ಶೀರ್ಷಿಕೆ, ಕರ್ತೃ, ವಿಷಯ. ನೀವೂ ನಾಗಶ್ರೀ ಫೋನಿನಲ್ಲಿ ನೋಡಿ, ವಿಳಾಸ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಒಂದು ಮಾತು ಮಾತ್ರ ನೆನಪಿರಲಿ. ಕುರಿ ತಪ್ಪಿಸಿಕೊಂಡಾಗ ನೀವು ದಾರಿಯಲ್ಲಿ ಹೇಗೆ ಕೇಳುತ್ತೀರಿ? ಕರಿ ಕುರಿ, ಎಡಗಿವಿ ಹರಿದದ್ದು, ಕುಂಟುವುದು, ಮಂಗಳವಾರ ಕಳೆದದ್ದು ಎಂದು ಒಟ್ಟಿಗೆ ಹೇಳಿದರೆ ಜನ ಇಲ್ಲ ಎಂದುಬಿಡುತ್ತಾರೆ. ಕಂಪ್ಯೂಟರೂ ಹಾಗೇ, ಹೇಳಿದ ಗುರುತೆಲ್ಲ ಹೊಂದಿದರೇ ತೋರಿಸುವುದು. ಮೊದಲು ಒಂದೇ ಗುರುತು ಹೇಳಿ. ತುಂಬ ಬಂದರೆ ಇನ್ನೊಂದು ಸೇರಿಸಿ.

ನಿಮ್ಮ
ನೀಲಾಂಬಿಕ


ತೊಗರ್ಸಿ
೬ ಡಿಸೆಂಬರ್ ೨೦೨೪, ಶುಕ್ರವಾರ

ತಂಗಿ ನೀಲಾಂಬಿಕಗೆ,

ಸಂಜೆ ಐದೂವರೆ. ಇವತ್ತು ಕುರಿಗಳನ್ನು ಪರಶುರಾಮ ಒಬ್ಬನೇ ಹೊಡೆದುಕೊಂಡು ಹೋದ. ನಾನು ಜಗಲಿ ಮೇಲೆ ಫೋನ್ ಹಿಡಿದು ಕೂತಿದ್ದೆ. ಅರವತ್ತೆರಡು ವರ್ಷದಲ್ಲಿ ಕುರಿ ಬಿಟ್ಟು ಕೂತ ದಿನ ಎಷ್ಟು ಎಂದು ಬೆರಳಲ್ಲಿ ಎಣಿಸಬಹುದು.

ನಿನ್ನ ಕಾಗದ ಪೂರ್ತಿ ಓದದೆ ಮೊದಲು 'ತೊಗರ್ಸಿ ಕುರಿಗಾರ ಉಜ್ಜಪ್ಪನ ಹೆಂಡತಿ ವರದಮ್ಮ ಹೇಳಿದ ಮಾತಿನ ಪುಸ್ತಕ' ಎಂದು ಬರೆದೆ. ನಾಗಶ್ರೀ ಹಿಂದೆ ನಿಂತು ನಕ್ಕಳು. "ಮಾವ, ಅದಕ್ಕ ಅರ್ಜಿ ಬರೀತೀರೇನು? ಕೆಳಗ ಸಹೀನೂ ಹಾಕಿಬಿಡ್ರಿ" ಎಂದಳು. ಏನೂ ಬರಲಿಲ್ಲ.

ಆಮೇಲೆ ನೀನು ಹೇಳಿದ ಹಾಗೆ 'ಕುರಿ' ಎಂದು ಒಂದೇ ಮಾತು ಹಾಕಿದೆ. ಇನ್ನೂರ ಹನ್ನೆರಡು ಪುಸ್ತಕ! ಕುರಿಯ ಬಗ್ಗೆ ಇಷ್ಟು ಜನ ಬರೆದಿದ್ದಾರೆ ಎಂದು ಗೊತ್ತಿರಲಿಲ್ಲ. ಒಬ್ಬರೂ ನಮ್ಮ ಹಟ್ಟಿಗೆ ಬಂದ ನೆನಪಿಲ್ಲ. ಪಕ್ಕದಲ್ಲಿ ಭಾಷೆ ಎಂದಿತ್ತು, ಕನ್ನಡ ಒತ್ತಿದೆ. ತೊಂಬತ್ತೆಂಟಕ್ಕೆ ಇಳಿಯಿತು. ಒಂದೊಂದಾಗಿ ನೋಡಿದೆ. ಕುರಿ ರೋಗ, ಕುರಿ ಸಾಲ, ಮಕ್ಕಳ ಕಥೆ, ಒಂದು ನಾಟಕ. ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ. ಜೂನ್ ಆದ ಮೇಲೆ ನಾನಾಗೇ ಊಟ ಮರೆತದ್ದು ಇವತ್ತೇ. ಬೇರೆ ದಿನ ಬೇಡವಾಗಿ ಬಿಡುತ್ತಿದ್ದೆ.

ನಮ್ಮ ಪುಸ್ತಕ ಸಿಗಲಿಲ್ಲ. ಆದರೆ ಅದು ಕುರಿ ಸಾಕುವುದು ಹೇಗೆ ಎಂಬ ಪುಸ್ತಕ ಅಲ್ಲ. ಮೇಡಂ ಕೇಳುತ್ತಿದ್ದದ್ದು ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ ಎಂದು. ಮಾತಿನ ಪುಸ್ತಕ ಅದು. ಇದರಿಂದ ಏನಾದರೂ ಉಪಯೋಗ ಇದೆಯೇ?

ಉಜ್ಜಪ್ಪ


ಚಂದ್ರಗುತ್ತಿ
೧೫ ಡಿಸೆಂಬರ್ ೨೦೨೪, ಭಾನುವಾರ

ಉಜ್ಜಪ್ಪಣ್ಣ,

ಉಪಯೋಗ ಇದೆಯೇ ಎಂದು ಕೇಳುತ್ತೀರಲ್ಲ, ಅರ್ಧ ಕೆಲಸ ಅದರಿಂದಲೇ ಆಯಿತು!

ಪುಸ್ತಕದ ಹೆಸರಿನಲ್ಲಿ 'ಕುರಿ' ಇರಲೇಬೇಕೆಂದಿಲ್ಲ. ನಾವಿಬ್ಬರೂ ಅಲ್ಲಿ ಎಡವಿದ್ದು. ನಾನು ನೇರವಾಗಿ ನಮ್ಮ ಪುಸ್ತಕ ಹುಡುಕುವುದು ಬಿಟ್ಟು, ಅದರಂಥ ಇನ್ನೊಂದು ಹುಡುಕಿದೆ. ಕುಂಬಾರರ ಮಾತುಗಳ ಒಂದು ಪುಸ್ತಕ ಸಿಕ್ಕಿತು. ಅದರ ಹೆಸರು ಒತ್ತಿ ಪೂರ್ತಿ ದಾಖಲೆ ತೆರೆದೆ. ಮೊದಲು ಕಾಣುವುದು ನಾಲ್ಕು ಸಾಲು ಮಾತ್ರ, ಒಳಗೆ ಒಂದು ಪುಟವೇ ಇರುತ್ತದೆ. ಅಲ್ಲಿ 'ವಿಷಯ' ಎಂಬ ಕಡೆ 'ವೃತ್ತಿಪದಗಳು' ಎಂದು ಬರೆದಿತ್ತು. ನೀವೂ ನಾನೂ ಜನ್ಮದಲ್ಲಿ ಆಡದ ಮಾತು. ಗ್ರಂಥಾಲಯದವರು ಒಂದೇ ತರಹದ ಪುಸ್ತಕಗಳನ್ನು ಒಂದೇ ಹೆಸರಿನ ಕೆಳಗೆ ಕಟ್ಟಿ ಹಾಕಿರುತ್ತಾರೆ. ಆ ಹೆಸರು ಗೊತ್ತಾಗುವವರೆಗೆ ಬಾಗಿಲು ಮುಚ್ಚಿದ ಹಾಗೆ. ಗೊತ್ತಾಗಲು ಸುಲಭದ ಉಪಾಯ ಇದೇ. ಒಂದು ಹತ್ತಿರದ ಪುಸ್ತಕ ಹಿಡಿದು, ಅದರ ಮೈಮೇಲಿನ ಗುರುತು ನೋಡುವುದು.

ಆ ಮಾತನ್ನು ಒತ್ತಿದೆ. ಅದೇ ಗುರುತಿನ ಪುಸ್ತಕಗಳೆಲ್ಲ ಸಾಲಾಗಿ ಬಂದು ನಿಂತವು. ನೇಕಾರರು, ಬೆಸ್ತರು, ಗಾಣಿಗರು, ಬಡಗಿಗಳು! ಕೂತಲ್ಲೇ ಕೂಗಿಬಿಟ್ಟೆ. ಪೇಪರ್ ಓದುತ್ತಿದ್ದ ಬಂಗಾರಪ್ಪಯ್ಯ ಕನ್ನಡಕ ಮೇಲೆತ್ತಿ, "ಎಂತ ಮಾರಾಯ್ತಿ, ಲಾಟರಿ ಹೊಡೀತಾ?" ಎಂದರು.

ಆದರೆ ಒಟ್ಟು ನೂರಾ ಎಂಬತ್ತಾರು ಇವೆ. ಎಷ್ಟೋ ಪುಸ್ತಕಗಳ ಹೆಸರು ನೋಡಿದರೆ ಒಳಗೇನಿದೆ ಎಂದೇ ಗೊತ್ತಾಗುವುದಿಲ್ಲ. ಇನ್ನೊಂದು ಗುರುತು ಬೇಕು. ಯಾವುದಾದರೂ ಸರಿ. ಯೋಚಿಸಿ ಬರೆಯಿರಿ.

ನೀಲಾಂಬಿಕ


ತೊಗರ್ಸಿ
೧೯ ಡಿಸೆಂಬರ್ ೨೦೨೪, ಗುರುವಾರ

ತಂಗಿ,

ಸಂಜೆ ಏಳು. ಇವತ್ತು ಕುರಿ ಮೇಯಿಸಿದೆ. ಬೇರೇನೂ ಇಲ್ಲ.

೧೯೯೮ ಎಂದು ಹಾಕಿ ನೋಡು. ಹಿಂದಿನದೂ ಬೇಡ, ಮುಂದಿನದೂ ಬೇಡ.

ಉಜ್ಜಪ್ಪ


ಚಂದ್ರಗುತ್ತಿ
೨೪ ಡಿಸೆಂಬರ್ ೨೦೨೪, ಮಂಗಳವಾರ

ಉಜ್ಜಪ್ಪಣ್ಣ,

ಸಿಕ್ಕಿತು! ಸಿಕ್ಕಿತು!

ನೂರಾ ಎಂಬತ್ತಾರಕ್ಕೆ ೧೯೯೮ ಎಂಬ ಕಡಿವಾಣ ಹಾಕಿದೆ. ಹನ್ನೊಂದು ಉಳಿದವು. ಒಂದೊಂದರದ್ದೂ ಪೂರ್ತಿ ದಾಖಲೆ ತೆರೆದೆ. ಏಳನೆಯದು 'ಗಡಿಸೀಮೆಯ ಕಸುಬಿನ ಮಾತುಗಳು'. ಮುನ್ನೂರ ಹದಿನೆಂಟು ಪುಟ. ಕೆಳಗೆ ಟಿಪ್ಪಣಿಯಲ್ಲಿ ಹೀಗಿದೆ: 'ಶಿಕಾರಿಪುರ, ಸೊರಬ ತಾಲ್ಲೂಕುಗಳ ಕುರಿಗಾರರು, ಕಂಬಳಿ ನೇಯುವವರು, ಮೇದಾರರಿಂದ ಸಂಗ್ರಹಿಸಿದ್ದು. ಅನುಬಂಧದಲ್ಲಿ ಮಾಹಿತಿದಾರರ ಪಟ್ಟಿ ಇದೆ.' ಬರೆದವರು ಒಬ್ಬ ಹೆಣ್ಣುಮಗಳು. ಅವರೇ ಇರಬೇಕು, ಬೇರೆ ಯಾರು?

ಮಾಹಿತಿದಾರರು ಎಂದರೆ ಮಾತು ಹೇಳಿಕೊಟ್ಟವರು, ಉಜ್ಜಪ್ಪಣ್ಣ. ವರದಕ್ಕ ಅಲ್ಲಿರಬೇಕು.

ಪ್ರತಿ ಒಂದೇ ಇದೆ. ಹೊರಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಕಪಾಟಿನ ಸಂಖ್ಯೆ ಬರೆದುಕೊಂಡಿದ್ದೇನೆ. ಅಲ್ಲಿಯ ಪ್ರದೀಪ್ ಎಂಬುವರಿಗೆ ಫೋನ್ ಮಾಡಿದೆ. ಪಟ್ಟಿಯ ಪುಟದ ಫೋಟೋ ಕಳಿಸುತ್ತೇನೆ, ನಾಲ್ಕೈದು ದಿನ ಕೊಡಿ ಎಂದಿದ್ದಾರೆ.

ಒಂದು ಕೇಳಲೇ? ಮೊದಲ ಕಾಗದದಲ್ಲಿ ವರ್ಷ ನೆನಪಿಲ್ಲ ಎಂದಿದ್ದಿರಿ. ಮೇಡಂ ಬಂದದ್ದು ತೊಂಬತ್ತೇಳರ ಜನವರಿಯಲ್ಲಿ. ಪುಸ್ತಕ ಅಚ್ಚಾದ ವರ್ಷ ನಿಮಗೆ ಹೇಗೆ ಅಷ್ಟು ಖಚಿತವಾಗಿ ಗೊತ್ತಾಯಿತು?

ನೀಲಾಂಬಿಕ


ತೊಗರ್ಸಿ
೨೮ ಡಿಸೆಂಬರ್ ೨೦೨೪, ಶನಿವಾರ

ತಂಗಿ ನೀಲಾಂಬಿಕಗೆ,

ಮಧ್ಯಾಹ್ನ ಎರಡು ಗಂಟೆ. ಸಂಜೆಯವರೆಗೆ ಕಾಯಲು ಆಗಲಿಲ್ಲ. ನಿನ್ನ ಕಾಗದ ಹನ್ನೊಂದಕ್ಕೆ ಬಂತು. ನಿಂತೇ ಓದಿದೆ. ನಾಗಶ್ರೀಗೆ ಓದಿ ಹೇಳಿದೆ. ಹೊಲಕ್ಕೆ ಹೋಗಿ ಪರಶುರಾಮನಿಗೆ ಓದಿದೆ. ವರದಮ್ಮನ ತಂಗಿ ಹುಲಿಗೆಮ್ಮ ಇದೇ ಊರಲ್ಲಿರುವುದು, ಅವಳ ಮನೆಗೂ ಹೋದೆ. ಅವಳು ಅತ್ತಳು. ಆಮೇಲೆ ಕೆಂಪಪ್ಪನ ಮನೆ ಮುಂದೆ ನಿಂತು ಕರೆದೆ.

"ಕೆಂಪಪ್ಪ, ಬುಕ್ಕು ಐತಲೇ."

"ಯಾ ಬುಕ್ಕು?"

"ನನ್ನ ಹೆಂಡ್ತಿದು. ಮುನ್ನೂರ ಹದಿನೆಂಟು ಪುಟ."

"ಹೆಸರು ತೋರ್ಸು, ಆಮ್ಯಾಲೆ ಮಾತಾಡು" ಎಂದ. ತೋರಿಸುತ್ತೇನೆ ಎಂದು ಬಂದೆ. ಫೋಟೋ ಬಂದ ಕೂಡಲೇ ನಾಗಶ್ರೀ ಫೋನಿಗೆ ಹಾಕು.

ವರ್ಷ ಹೇಗೋ ನೆನಪಾಯಿತು. ಅದನ್ನು ಬಿಡು.

ಉಜ್ಜಪ್ಪ


ತೊಗರ್ಸಿ
೧೪ ಜನವರಿ ೨೦೨೫, ಮಂಗಳವಾರ

ತಂಗಿ ನೀಲಾಂಬಿಕಗೆ,

ಸಂಜೆ ಆರು. ಸಂಕ್ರಾಂತಿ. ಕುರಿಗಳ ಮೈ ತೊಳೆದೆವು. ನಾಗಶ್ರೀ ಎಳ್ಳು ಬೀರಿದಳು. ಈ ವರ್ಷ ನಮಗೆ ಹಬ್ಬ ಇಲ್ಲ, ಆದರೂ ಮನೆಯಲ್ಲಿ ಮಕ್ಕಳಿದ್ದಾರೆ.

ಹದಿನೇಳು ದಿನವಾಯಿತು, ನಿನ್ನ ಕಾಗದವಿಲ್ಲ. ಈ ಸಲ ಮಂದೆ ನಿಮ್ಮ ಗದ್ದೆಗೆ ಬರಲಿಲ್ಲ ಎಂದು ನಿಮ್ಮ ಮನೆಯವರಿಗೆ ಬೇಸರವಾಗಿರಬೇಕು. ನ್ಯಾಯವೇ. ಅಲ್ಲಿ ಒಲೆ ಹೂಡುತ್ತಿದ್ದವಳು ಅವಳು. ಅವಳಿಲ್ಲದೆ ಆ ಜಾಗಕ್ಕೆ ಬರಲು ಕಾಲು ಏಳಲಿಲ್ಲ.

ನಿನಗೆ ಇನ್ನು ತೊಂದರೆ ಕೊಡುವುದಿಲ್ಲ. ಕಪಾಟಿನ ಸಂಖ್ಯೆ ನಾಗಶ್ರೀ ಫೋನಿನಲ್ಲೇ ಹುಡುಕಿ ಬರೆದುಕೊಂಡೆ. ವಿಷಯದ ಮಾತು ಒತ್ತಿದೆ, ಆಮೇಲೆ ವರ್ಷ, ಆಮೇಲೆ ಏಳನೆಯದು. ಒಬ್ಬನೇ ಮಾಡಿದೆ. ಗುರುವಾರ ನಾನೇ ಶಿವಮೊಗ್ಗಕ್ಕೆ ಹೋಗುತ್ತಿದ್ದೇನೆ.

ಉಜ್ಜಪ್ಪ


ಚಂದ್ರಗುತ್ತಿ
೧೫ ಜನವರಿ ೨೦೨೫, ಬುಧವಾರ

ಉಜ್ಜಪ್ಪಣ್ಣ,

ತಡವಾಯಿತು, ಕ್ಷಮಿಸಿ. ಕೆಲಸ ಹೆಚ್ಚಿತ್ತು. ಒಂದು ಮಾತು, ಪುಸ್ತಕ ನೋಡಬೇಕು ಅನ್ನಿಸಿದರೂ ನೀವೊಬ್ಬರೇ ಶಿವಮೊಗ್ಗಕ್ಕೆ ಹೋಗಬೇಡಿ. ಮುಂದಿನ ವಾರ ನಾನೂ ಬರುತ್ತೇನೆ, ಇಬ್ಬರೂ ಸೇರಿ ನೋಡೋಣ. ಎದುರಿಗೆ ಕೂತು ಹೇಳಬೇಕಾದದ್ದು ಸ್ವಲ್ಪ ಇದೆ.

ನೀಲಾಂಬಿಕ


ತೊಗರ್ಸಿ
೧೮ ಜನವರಿ ೨೦೨೫, ಶನಿವಾರ

ತಂಗಿ ನೀಲಾಂಬಿಕಗೆ,

ಬೆಳಿಗ್ಗೆ ಎಂಟು ಗಂಟೆ. ನಿನ್ನ ಕಾಗದ ನಿನ್ನೆ ಬಂತು. ಅಷ್ಟರಲ್ಲಿ ನಾನು ಹೋಗಿ ಬಂದಾಗಿತ್ತು. ನಿನಗೆ ಮೊದಲೇ ಗೊತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಸಿಟ್ಟಿಲ್ಲ. ಮೊದಲು ಆದದ್ದನ್ನು ಬರೆಯುತ್ತೇನೆ.

ಪ್ರದೀಪ್ ಅವರು ಒಳ್ಳೆಯವರು. ನನ್ನ ಹೆಸರು ಕೇಳಿದ ಕೂಡಲೇ ಎದ್ದು ನಿಂತರು. "ಯಜಮಾನ್ರೇ, ಪುಸ್ತಕ ಬರೆದೋರು ಬರ್ತಾರೆ, ಓದೋರು ಬರ್ತಾರೆ. ಪುಸ್ತಕದೊಳಗೆ ಇರೋರು ಯಾರೂ ಇಲ್ಲೀವರೆಗೆ ಬಂದಿರಲಿಲ್ಲ ರೀ" ಎಂದರು. ಹೆಂಡತಿ ವಿಷಯ ಹೇಳುತ್ತಿದ್ದಾರೆ ಎಂದುಕೊಂಡು ನನಗೆ ಎದೆ ತುಂಬಿ ಬಂತು.

ಪಟ್ಟಿಯ ಪುಟ ತೆಗೆದು ಕೊಟ್ಟರು. ಹದಿನೇಳನೆಯ ಹೆಸರು: 'ಉಜ್ಜಪ್ಪ, ೩೫, ಕುರಿಗಾರ, ತೊಗರ್ಸಿ.'

ಎರಡು ಸಲ ಬೆರಳಿಟ್ಟು ಓದಿದೆ. ಮೇಲೆ ಕೆಳಗೆ ನೋಡಿದೆ. ವರದಮ್ಮ ಎಲ್ಲೂ ಇರಲಿಲ್ಲ.

ಅವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಪ್ರತಿ ಮಾತಿನ ಮುಂದೆ ಹೇಳಿದವರ ಸಂಖ್ಯೆ ಹಾಕಿದ್ದಾರೆ. ಹದಿನೇಳು ಎಂದಿರುವುದೆಲ್ಲ ನನ್ನದು. ಅವರು ಉತ್ಸಾಹದಿಂದ ಕೇಳಿದರು, "ಈ 'ಹಂಜಿಮೂಗು' ಅಂದ್ರೆ ಏನ್ರೀ?"

"ಗೊತ್ತಿಲ್ಲ."

"ನೀವೇ ಹೇಳಿದ್ದಲ್ವಾ? ಹೋಗ್ಲಿ, 'ಎರವುಮರಿ'?"

ಅದು ಗೊತ್ತಿತ್ತು, ಬೇರೆ ತಾಯಿಯ ಹಾಲು ಕುಡಿಯುವ ಮರಿ. ಆದರೆ ಅದರ ಕೆಳಗಿನದು ಗೊತ್ತಿರಲಿಲ್ಲ. ಅದರ ಕೆಳಗಿನದೂ ಇಲ್ಲ. ಮರಿ ಹಾಕಿದ ಮೊದಲ ವಾರದ ಮಾತುಗಳು, ಉಣ್ಣೆಯನ್ನು ಬತ್ತಿಯಂತೆ ಹಂಜಿ ಮಾಡಿ ನೂಲುವ ಮಾತುಗಳು. ಹೆಂಗಸರ ಕೆಲಸದವು. ನಾನು ಐವತ್ತು ವರ್ಷ ಕುರಿ ಹಿಂದೆ ತಿರುಗಿದವನು. ನನ್ನ ಸಂಖ್ಯೆಯ ಕೆಳಗೆ ನನಗೇ ಗೊತ್ತಿಲ್ಲದ ಮಾತು ನಲವತ್ತೊಂದು ಇವೆ. ಎಣಿಸಿದೆ.

ಆಮೇಲೆ ತಂಗಿ, ಒಂದು ಸಿಕ್ಕಿತು. ಪ್ರತಿ ಮಾತಿಗೂ ಮೇಡಂ ಹೇಗೆ ಕೇಳಿದರೋ ಹಾಗೇ ಒಂದು ವಾಕ್ಯ ಹಾಕಿದ್ದಾರೆ. 'ಮೂಸದ ತಾಯಿ' ಎಂಬ ಮಾತಿನ ಕೆಳಗೆ, ಅಂದರೆ ಈದ ಮರಿಯನ್ನು ಹತ್ತಿರ ಸೇರಿಸದ ಕುರಿ, ಹೀಗಿದೆ:

"ಮೂಸದ ತಾಯಿನ ನಾನು ಕಣ್ಣಾಗೇ ಹಿಡೀತೀನಿ. ನಮ್ಮನೇರಿಗೆ ಮರಿ ಸತ್ತ ಮ್ಯಾಲೇ ಗೊತ್ತಾಗದು."

ನಮ್ಮನೇರು ಎಂದರೆ ನಾನು! ಅವಳದೇ ದನಿ. ಅವಳದೇ ಚುಚ್ಚು ಮಾತು. ಗ್ರಂಥಾಲಯದಲ್ಲಿ ಮಾತಾಡಬಾರದಂತೆ, ನಾನು ಜೋರಾಗಿ ನಕ್ಕೆ. ಜೂನ್ ಆದ ಮೇಲೆ ನಗು ಬಂದದ್ದು ಅದೇ ಮೊದಲು. ಪ್ರದೀಪ್ ಅವರೂ ಓದಿ, "ಇದನ್ನ ನೀವು ಹೇಳಿರೋಕೆ ಸಾಧ್ಯ ಇಲ್ಲ ಬಿಡ್ರೀ" ಎಂದು ನಕ್ಕರು. ಹುಡುಕಿದಷ್ಟೂ ಅಂಥವು ಸಿಕ್ಕವು. ಒಂಬತ್ತು ಕಡೆ ನನ್ನನ್ನು ಬೈದಿದ್ದಾಳೆ. ಸಂಜೆ ಬಾಗಿಲು ಹಾಕುವವರೆಗೆ ಓದಿದೆ.

ಈಗ ನಾನು ಮುಚ್ಚಿಟ್ಟದ್ದು. ೧೯೯೮ರ ಮಳೆಗಾಲದಲ್ಲಿ ನನ್ನ ಹೆಸರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ದಪ್ಪ ಲಕೋಟೆ ಬಂತು. ಅದರ ಹಿಂದಿನ ವಾರ ನೆಡುತೋಪಿನಲ್ಲಿ ಕುರಿ ಬಿಟ್ಟೆನೆಂದು ಅರಣ್ಯದವರು ಹೆಸರು ಬರೆದುಕೊಂಡು ಹೋಗಿದ್ದರು. ನಮ್ಮವರಿಗೆ ರಿಜಿಸ್ಟರ್ ಬಂದರೆ ಅದು ನೋಟಿಸೇ. ಸಹಿ ಹಾಕಿದರೆ ಸಿಕ್ಕಿಬಿದ್ದ ಹಾಗೆ. ಊರಲ್ಲಿಲ್ಲ ಎಂದು ಬರೆಯಿರಿ ಎಂದು ಪೋಸ್ಟಿನವನಿಗೆ ಹೇಳಿ ವಾಪಸು ಕಳಿಸಿದೆ. ಲಕೋಟೆ ಗಟ್ಟಿಯಾಗಿ ಚೌಕಾಕಾರವಾಗಿತ್ತು. ನೋಟಿಸ್ ಹಾಗಿರುವುದಿಲ್ಲ, ಅದು ಪುಸ್ತಕ ಎಂದು ಎರಡು ದಿನದ ಮೇಲೆ ಹೊಳೆಯಿತು. ಅವಳು "ಪೋಸ್ಟ್ ಬಂತಾ" ಎಂದು ಕೇಳುತ್ತಲೇ ಇದ್ದಳು. ಇಲ್ಲ ಎನ್ನುತ್ತಲೇ ಇದ್ದೆ. ಇಪ್ಪತ್ತಾರು ವರ್ಷ. ಬುಕ್ಕಿನ ವರದಮ್ಮ ಎಂದು ಊರು ನಕ್ಕಾಗ ಜೊತೆಗೆ ನಕ್ಕೆ. ನಗದಿದ್ದರೆ ನನ್ನ ಮುಖ ನೋಡಿ ಅವಳಿಗೆ ಗೊತ್ತಾಗುತ್ತಿತ್ತು.

ಪಟ್ಟಿಯಲ್ಲಿರುವುದು ನನ್ನ ಹೆಸರು ಎಂದು ಕೆಂಪಪ್ಪನಿಗೆ ನಿಜ ಹೇಳಿದೆ. "ಹಂಗಾದ್ರ ಇನ್ನ ಮ್ಯಾಲೆ ನೀನೇ ಬುಕ್ಕಿನ ಉಜ್ಜಪ್ಪ" ಎಂದ. ಆ ಹೆಸರು ನನಗೆ ಬೇಡ. ಅಲ್ಲಿಂದ ನನ್ನ ಹೆಸರು ತೆಗೆದು ಅವಳದು ಹಾಕಲು ದಾರಿ ಇದೆಯೇ?

ಉಜ್ಜಪ್ಪ


ಚಂದ್ರಗುತ್ತಿ
೨೩ ಜನವರಿ ೨೦೨೫, ಗುರುವಾರ

ಉಜ್ಜಪ್ಪಣ್ಣ,

ಫೋಟೋ ನನಗೆ ಜನವರಿ ಎರಡಕ್ಕೇ ಬಂದಿತ್ತು. ಕೆಲಸ ಹೆಚ್ಚಿತ್ತು ಎಂದದ್ದು ಸುಳ್ಳು. ಗದ್ದೆಯ ಬೇಸರವೂ ಅಲ್ಲ. ಆ ಪುಟ ನೋಡಿದ ಕೂಡಲೇ ನನಗೆ ಒಂದು ಮಧ್ಯಾಹ್ನ ನೆನಪಾಯಿತು.

ಮೇಡಂ ಹೊರಡುವ ದಿನ. ನೀವು ಕುರಿ ಹೊಡೆದುಕೊಂಡು ಹೋಗಿದ್ದಿರಿ. ವರದಕ್ಕ ನೀರಿಗೆ ಹೋಗಿದ್ದರು. ಮೇಡಂ ನಮ್ಮ ಜಗಲಿಯಲ್ಲಿ ಕೂತು, "ಹೇಳಿದೋರ ಪೂರ್ತಿ ಹೆಸರು, ವಯಸ್ಸು ಬೇಕಿತ್ತು" ಎಂದರು. ನಮ್ಮ ಅಪ್ಪ ಪರಮಶಿವಪ್ಪ ಎಲೆ ಅಡಿಕೆ ಹಾಕುತ್ತ, "ಹೆಂಗಸ್ರ ಹೆಸರು ಯಾಕ್ರೀ ಬುಕ್ಕಲ್ಲಿ? ಮನೆ ಯಜಮಾನಂದು ಬರ್ಕಳಿ, ಗೌರವ ಇರತ್ತೆ" ಎಂದರು. ಮೇಡಂ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ಬರೆದುಕೊಂಡರು. ಮೂವತ್ತೈದು ಎಂದು ನಿಮ್ಮ ವಯಸ್ಸು ಹೇಳಿದ್ದೂ ಅಪ್ಪನೇ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಪ್ಪನದು ತಪ್ಪು ಎಂದು ಆಗ ಅನ್ನಿಸಲೂ ಇಲ್ಲ. ಅವರು ತೀರಿ ಹೋಗಿ ಆರು ವರ್ಷ. ಇದನ್ನು ನಿಮಗೆ ಹೇಗೆ ಬರೆಯಲಿ ಎಂದು ದಿನ ತಳ್ಳಿದೆ.

ಈಗ ಕೇಳಿ. ನಿಮ್ಮ ಪ್ರಶ್ನೆಯನ್ನು ಪ್ರದೀಪ್ ಅವರಿಗೆ ಕೇಳಿದೆ. ಅಚ್ಚಾದ ಪುಸ್ತಕ ತಿದ್ದಲು ಬರುವುದಿಲ್ಲವಂತೆ. ಆದರೆ ಪಟ್ಟಿಯ ದಾಖಲೆ ತಿದ್ದಬಹುದು! ದಾಖಲೆಯಲ್ಲಿ ಕರ್ತೃವಿನ ಹೆಸರಿನ ಜೊತೆಗೆ, ಪುಸ್ತಕಕ್ಕೆ ಕೈ ಸೇರಿಸಿದವರ ಹೆಸರು ಹಾಕಲು ಬೇರೆ ಜಾಗವೇ ಇದೆ. ಅಲ್ಲಿ ಹಾಕಿದರೆ, ಲೋಕದ ಯಾವ ಮೂಲೆಯಿಂದ ಆ ಹೆಸರು ಹುಡುಕಿದರೂ ಈ ಪುಸ್ತಕ ಎದುರಿಗೆ ಬರುತ್ತದೆ. ಕಾರಣವನ್ನು ಟಿಪ್ಪಣಿಯಲ್ಲಿ ಬರೆಯುತ್ತಾರೆ. ನಾನು ಇಷ್ಟು ವರ್ಷ ಪಟ್ಟಿ ಎಂದರೆ ಹುಡುಕುವುದಕ್ಕೆ ಮಾತ್ರ ಎಂದುಕೊಂಡಿದ್ದೆ. ಹುಡುಕುವವರು ಹೇಳಿದರೆ ಅದು ಬದಲಾಗುತ್ತದೆ!

ಯಾರು ಬೇಕಾದರೂ ಕೇಳಿದರೆ ಆಗುವುದಿಲ್ಲ. ಮೇಡಂ ಬರೆದು ಕೊಡಬೇಕು, ಇಲ್ಲ ಹದಿನೇಳನೆಯ ಮಾಹಿತಿದಾರ ಬರೆದು ಕೊಡಬೇಕು. ಮೇಡಂ ಈಗಿಲ್ಲವಂತೆ. ಉಳಿದವರು ನೀವು. ಕಂಡದ್ದನ್ನು ನಾನೂ ಸಾಕ್ಷಿಯಾಗಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಅಪ್ಪ ಹೇಳಿದ್ದ ಮಾತು ಸಮೇತ. ಮನೆಯಲ್ಲಿ ಅಮ್ಮ ರಾಜೇಶ್ವರಮ್ಮನಿಗೆ ಓದಿ ಹೇಳಿದೆ. ಅಮ್ಮ, "ಬರಿ. ವರದಂದು ಅದು" ಎಂದರು.

ನಿಮಗೆ ಸಿಟ್ಟು ಬಂದಿದ್ದರೆ ಅದನ್ನೂ ಬರೆಯಿರಿ.

ನೀಲಾಂಬಿಕ


ತೊಗರ್ಸಿ
೨ ಫೆಬ್ರವರಿ ೨೦೨೫, ಭಾನುವಾರ

ತಂಗಿ ನೀಲಾಂಬಿಕಗೆ,

ಸಂಜೆ ಆರೂಕಾಲು. ಇವತ್ತು ಅಂಜನಾಪುರದ ಕಡೆ ಮೇಯಿಸಿದೆವು. ಹಿನ್ನೀರು ಸರಿದ ಕಡೆ ಹುಲ್ಲು ಚೆನ್ನಾಗಿದೆ. ಒಂದು ಮರಿ ಹುಟ್ಟಿತು, ತಾಯಿ ಮೂಸಲಿಲ್ಲ. ಈ ಸಲ ನಾನೇ ಮೊದಲು ಕಂಡೆ. ಬೇರೆ ಕುರಿಗೆ ಕೂಡಿಸಿದೆ, ಕುಡಿಯಿತು.

ನಿಮ್ಮ ಅಪ್ಪನ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ಅವತ್ತು ಆ ಜಗಲಿಯಲ್ಲಿ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ಇನ್ನೊಂದು ಯೋಚನೆ ಬಂತು. ಆ ಲಕೋಟೆ ವರದಮ್ಮನ ಹೆಸರಿಗೆ ಬಂದಿದ್ದರೆ ನಾನು ಹೆದರುತ್ತಿರಲಿಲ್ಲ. ಅವಳ ಹೆಸರಿಗೆ ಯಾವ ನೋಟಿಸ್ ಬರುತ್ತದೆ? ಅವಳು ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳುತ್ತಿದ್ದಳು. ಇದನ್ನು ಮೂರು ದಿನ ಯೋಚಿಸಿದೆ. ಆಮೇಲೆ ಬಿಟ್ಟೆ.

ಗೊತ್ತಿಲ್ಲದ ನಲವತ್ತೊಂದು ಮಾತನ್ನು ಬರೆದುಕೊಂಡು ಬಂದಿದ್ದೆ. ಹುಲಿಗೆಮ್ಮನ ಮುಂದೆ ಕೂತು ಒಂದೊಂದೇ ಕೇಳಿದೆ. "ಭಾವ, ಇದೂ ಗೊತ್ತಿಲ್ಲೇನು ನಿಮಗ? ಮತ್ತ ಎಂಥಾ ಕುರುಬರ್ರೀ ನೀವು?" ಎಂದು ಬೈಯುತ್ತ ಮೂವತ್ತೆಂಟಕ್ಕೆ ಅರ್ಥ ಹೇಳಿದಳು. ಹಂಜಿಮೂಗು ಎಂದರೆ ಉಣ್ಣೆ ಹಂಜಿಯ ಸಣ್ಣ ತುದಿ, ನೂಲು ಶುರುವಾಗುವುದು ಅಲ್ಲಿಂದ. ಉಳಿದ ಮೂರು ಅವಳಿಗೂ ಗೊತ್ತಿಲ್ಲ. ಊರಲ್ಲಿ ಎಲ್ಲ ಮುದುಕಿಯರನ್ನೂ ಕೇಳಿ ಬಂದಳು. ಆ ಮೂರು ಮಾತು ಈಗ ಆ ಪುಸ್ತಕದಲ್ಲಿ ಬಿಟ್ಟು ಎಲ್ಲೂ ಇಲ್ಲ.

ಹೇಳಿಕೆಯನ್ನು ನಾಲ್ಕು ಸಲ ಬರೆದು ಹರಿದೆ. ಐದನೆಯದು ಹೀಗಿದೆ:

'ಪುಸ್ತಕದಲ್ಲಿ ಹದಿನೇಳನೆಯ ಹೆಸರು ನನ್ನದು. ಅದರ ಕೆಳಗಿನ ಮಾತುಗಳು ನನ್ನವಲ್ಲ. ನನ್ನ ಹೆಂಡತಿ ವರದಮ್ಮ ಹೇಳಿದ್ದು. ಪುಸ್ತಕ ಬಂದಾಗ ನಾನು ತೆಗೆದುಕೊಳ್ಳಲಿಲ್ಲ. ಅವಳು ನೋಡಲಿಲ್ಲ. ಅವಳ ಹೆಸರು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.'

ಪುಸ್ತಕ ವಾಪಸು ಕಳಿಸಿದ್ದನ್ನು ಅಲ್ಲಿ ಬರೆಯುವ ಅಗತ್ಯವಿಲ್ಲ ಎಂದು ಪರಶುರಾಮ ಹೇಳಿದ. ಇರಲಿ ಎಂದೆ. ಅವನಿಗೂ ಅವತ್ತೇ ಗೊತ್ತಾದದ್ದು. ಆಮೇಲೆ ಶುಕ್ರವಾರ ಅವನೇ ಗಾಡಿಯಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ.

ನಿನ್ನ ಸಾಕ್ಷಿಪತ್ರ, ನನ್ನ ಹೇಳಿಕೆ ಎರಡನ್ನೂ ಕೊಟ್ಟೆವು. ಪ್ರದೀಪ್ ಅವರು ಒಳಗೆ ಮುಖ್ಯಸ್ಥರ ಹತ್ತಿರ ಹೋದರು. ಬಹಳ ಹೊತ್ತಾಯಿತು. ಕುರಿ ಸಂತೆಯಲ್ಲೂ ನಾನು ಅಷ್ಟು ಬೆವೆತವನಲ್ಲ. ಹೊರಗೆ ಬಂದು, "ಒಪ್ಪಿದ್ರು ರೀ. ಆ ಒಂಬತ್ತು ಬೈಗುಳದ ಪುಟಾನೂ ಸಾಕ್ಷಿ ಅಂತ ಬರ್ಕೊಂಡ್ರು" ಎಂದರು. ನಾನು ಅವರ ಎರಡು ಕೈ ಹಿಡಿದುಕೊಂಡೆ. ಅವರು ಒಂದು ಚೀಟಿ ಕೊಟ್ಟು, ಹೆಸರು ಹೇಗೆ ಬರಬೇಕೋ ಹಾಗೆ ನೀವೇ ಬರೆಯಿರಿ ಎಂದರು. 'ವರದಮ್ಮ, ಕುರಿಗಾರ್ತಿ, ತೊಗರ್ಸಿ' ಎಂದು ಬರೆದೆ. ಹುಟ್ಟಿದ ವರ್ಷ ಕೇಳಿದರು, ಹೇಳಿದೆ. ಪಕ್ಕದಲ್ಲಿ ತೀರಿಕೊಂಡ ವರ್ಷಕ್ಕೂ ಜಾಗವಿತ್ತು, ಅದನ್ನೂ ನಾನೇ ಬರೆದೆ.

ನಾಳೆ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪ್ರದೀಪ್ ಅವರು ಅದನ್ನು ಕಂಪ್ಯೂಟರಿಗೆ ಹಾಕುತ್ತಾರೆ.

ಉಜ್ಜಪ್ಪ